ಸೂಜಿಗೊಂದು ಪ್ರಾಣಿ

ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ನಾನು ಒಂಬತ್ತು ತಿಂಗಳು ಕಾರ್ಕಳದ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಕಲಿತು ಬಂದೆ ಎಂದು ಕಾಪುವಿನ ನಮ್ಮ ನೆರೆಕರೆಯವರೆಲ್ಲ ನಂಬಿದ್ದರು. ನಿಜವಾಗಿ ನಾನು ಇದ್ದದ್ದು ಉಡುಪಿಯ ಒಂದು ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಕಿಟಕಿಯ ಪಕ್ಕದ ಮಂಚದ ಮೇಲೆ, ಕುತ್ತಿಗೆಯಿಂದ ತೊಡೆಯ ಬುಡದ ತನಕ ಪ್ಲಾಸ್ಟರಿನಲ್ಲಿ ಅಂಗಾತ. ಆ ಒಂಬತ್ತು ತಿಂಗಳಲ್ಲಿ ಕಾರ್ಕಳದ ಒಂದು ಕಲ್ಲನ್ನೂ ನಾನು ನೋಡಲಿಲ್ಲ. ಇಂಗ್ಲಿಷ್ ಕಲಿತದ್ದು ಮಾತ್ರ ಪೂರ್ತಿ ಸುಳ್ಳಲ್ಲ. ಅದು ಎಂಥ ಇಂಗ್ಲಿಷ್ ಎಂಬುದನ್ನು ಮುಂದೆ ಹೇಳುತ್ತೇನೆ.

ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಕಾರಣವಿದೆ. ಇತ್ತೀಚೆಗೆ ಪರಿಚಯದ ಹುಡುಗಿಯೊಬ್ಬಳು ತನ್ನ ಕಾಯಿಲೆಯ ವಿಷಯ ಹೇಳಲು ನಮ್ಮ ಮನೆಗೆ ಬಂದಳು. ಬಾಯಿ ಬಿಡುವ ಮೊದಲು ಎದ್ದು ಹೋಗಿ ಬಾಗಿಲು ಮುಚ್ಚಿದಳು. ಆಮೇಲೆ ಕಿಟಕಿಯನ್ನೂ ಮುಚ್ಚಿದಳು. ಆ ಸೆಕೆಯಲ್ಲಿ ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಕುಳಿತೆವು. ಅವಳು ಹೋದ ಮೇಲೆ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಕಾಯಿಲೆಗಿಂತ ಅದರ ಹೆಸರಿಗೇ ಹೆಚ್ಚು ಹೆದರುವ ನಮ್ಮೆಲ್ಲರ ಅಭ್ಯಾಸದ ಮೇಲೆ. ನಮ್ಮ ಮನೆಯಲ್ಲಿ ಆ ಅಭ್ಯಾಸ ಎಷ್ಟು ದೂರ ಹೋಗಿತ್ತು ಎಂಬುದನ್ನು ಅವಳಂಥವರು ಓದಲಿ, ಓದಿ ಸ್ವಲ್ಪ ನಗಲಿ ಎಂದು ಬರೆಯುತ್ತಿದ್ದೇನೆ.

ಅವು ಅರವತ್ತರ ದಶಕದ ಆರಂಭದ ವರ್ಷಗಳು. ಅಪ್ಪನಿಗೆ ಕಾಪುವಿನಲ್ಲಿ ಬಸ್ಸಿನ ದಾರಿಯ ಬದಿಗೆ ಸಣ್ಣ ಟೈಲರ್ ಅಂಗಡಿ. ಮನೆಯಲ್ಲಿ ಅಮ್ಮ, ಹತ್ತೊಂಬತ್ತು ವರ್ಷದ ಲೀಲಕ್ಕ ಮತ್ತು ನಾನು. ನಾನು ಆಗಷ್ಟೇ ಇಂಗ್ಲಿಷ್ ಶುರುವಾಗುವ ತರಗತಿಗೆ ಬಂದಿದ್ದೆ. ಹೊಸ ಪುಸ್ತಕಕ್ಕೆ ಬೈಂಡು ಹಾಕಿ ‘ವಸಂತಿ’ ಎಂದು ಹೆಸರು ಬರೆದದ್ದಷ್ಟೇ, ಬೆನ್ನು ನೋಯಲು ಶುರುವಾಯಿತು. ರಜೆಯಲ್ಲಿ ಗೇರುಮರದಿಂದ ಬಿದ್ದಿದ್ದೆನಾದ್ದರಿಂದ ತಪ್ಪೆಲ್ಲ ಗೇರುಮರದ ತಲೆಗೆ ಬಂತು. ಎಣ್ಣೆ ತಿಕ್ಕಿದರು, ಬಿಸಿನೀರು ಹೊಯ್ದರು, ಸೊಪ್ಪು ಅರೆದು ಕಟ್ಟಿದರು. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ನೆಲದ ಮೇಲೆ ಬಿದ್ದದ್ದನ್ನು ಹೆಕ್ಕಲು ನಾನು ಬಗ್ಗುತ್ತಿರಲಿಲ್ಲ; ಬೆನ್ನನ್ನು ನೆಟ್ಟಗೆ ಇಟ್ಟುಕೊಂಡು, ಒಂದು ಕೈಯನ್ನು ತೊಡೆಗೆ ಊರಿ, ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತು ಹೆಕ್ಕುತ್ತಿದ್ದೆ. “ಮಹಾರಾಣಿಯವರು ಬಗ್ಗುವುದಿಲ್ಲ” ಎಂದು ಲೀಲಕ್ಕ ತಮಾಷೆ ಮಾಡುತ್ತಿದ್ದಳು. ಹೀಗೆ ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ಹೊಸ್ತಿಲು ದಾಟುವಾಗ ಕಾಲು ಮಡಚಿ ಅಂಗಳಕ್ಕೆ ಬಿದ್ದೆ. ಎದ್ದು ನಿಲ್ಲಲು ಆಗಲಿಲ್ಲ.

ಉಡುಪಿಯ ಆಸ್ಪತ್ರೆಯ ಜಗಲಿಯಲ್ಲಿ ಉದ್ದದ ಬೆಂಚುಗಳಿದ್ದವು. ನನ್ನನ್ನು ಒಂದು ಬೆಂಚಿನಲ್ಲಿ ಮಲಗಿಸಿ ಅಮ್ಮ ನೆಲದಲ್ಲಿ ಕೂತಿದ್ದಳು. ಅಪ್ಪ ನಿಂತೇ ಇದ್ದರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು, ತೆಗೆದಿಡಲು ಮರೆತಿದ್ದರು. ಎಕ್ಸ್-ರೇ ಆಯಿತು. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಕರೆದು, ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನಿನ ಎರಡು ಮೂಳೆಗಳು ತಿಂದುಹೋಗಿವೆ ಎಂದು ತೋರಿಸಿದರು.

“ಇದು ಬೆನ್ನುಮೂಳೆಯ ಕ್ಷಯ.”

ಅಮ್ಮ ತಟ್ಟನೆ ನನ್ನ ಎರಡೂ ಕಿವಿ ಮುಚ್ಚಿದಳು. “ಆ ಹೆಸರು ಹೇಳಬೇಡಿ ಡಾಕ್ಟ್ರೇ, ದಮ್ಮಯ್ಯ. ಮಗುವಿಗೆ ಕೇಳ್ತದೆ.”

“ಕೇಳಿದರೆ ಎಂತ ಆಗ್ತದಮ್ಮ? ಹೆಸರಿನಿಂದ ಕಾಯಿಲೆ ಬರುವುದಿಲ್ಲ. ಈಗ ಮದ್ದು ಉಂಟು. ಸೂಜಿ ಕೊಡ್ತೇವೆ, ಮಾತ್ರೆ ಕೊಡ್ತೇವೆ. ಆದರೆ ಮಲಗಬೇಕು. ತಿಂಗಳುಗಟ್ಟಲೆ ಮಲಗಬೇಕು, ಅಲುಗಾಡಬಾರದು.”

“ಮತ್ತೆ ನಡೀತಾಳಾ?” ಎಂದು ಅಪ್ಪ ಕೇಳಿದರು.

ಡಾಕ್ಟರು ಹಾಳೆಯನ್ನು ಕವರಿಗೆ ತುರುಕುತ್ತಾ, “ನೋಡುವ” ಎಂದರು.

ನಮ್ಮ ಮನೆಯಲ್ಲಿ ಕೆಲವು ಹೆಸರುಗಳನ್ನು ಬಾಯಿಯಲ್ಲಿ ಆಡುವ ಹಾಗಿರಲಿಲ್ಲ. ಮುಸ್ಸಂಜೆಯ ಮೇಲೆ ಹಾವಿಗೆ ‘ಬಳ್ಳಿ’ ಅನ್ನಬೇಕು. ಸಿಡುಬಿಗೆ ‘ಅಮ್ಮ’ ಅನ್ನಬೇಕು. ಹೆಸರು ಕರೆದರೆ ಅದು ಓಗೊಟ್ಟು ಬಂದುಬಿಡುತ್ತದೆ ಎಂಬ ಭಯ. ಕ್ಷಯಕ್ಕಂತೂ ಬದಲಿ ಹೆಸರೂ ಇರಲಿಲ್ಲ. ಅಪ್ಪನ ತಂಗಿಯೊಬ್ಬರು ಹಿಂದೆ ಅದರಲ್ಲೇ ತೀರಿಕೊಂಡಿದ್ದರಂತೆ. ಅವರ ಮಾತು ಬಂದರೆ ಅಮ್ಮ “ಅವರಿಗೆ ಅದು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಈಗ ನನಗೂ ‘ಅದು’ ಬಂದಿತ್ತು. ಕಿವಿ ಮುಚ್ಚಿದ್ದರೂ ನನಗೆ ಚೆನ್ನಾಗಿಯೇ ಕೇಳಿಸಿತ್ತು.

ಅಮ್ಮನ ಹೆದರಿಕೆ ನನ್ನೊಬ್ಬಳಿಗಾಗಿ ಮಾತ್ರ ಆಗಿರಲಿಲ್ಲ. ಲೀಲಕ್ಕನಿಗೆ ಸಂಬಂಧ ನೋಡುತ್ತಿದ್ದರು. ಮನೆಯಲ್ಲಿ ‘ಅದು’ ಇದೆ ಎಂದು ಗೊತ್ತಾದರೆ ಯಾರೂ ಅಂಗಳಕ್ಕೆ ಕಾಲಿಡುವುದಿಲ್ಲ. ಮಾರನೆಯ ದಿನ ಪಕ್ಕದ ಮನೆಯ ಗಿರಿಜಕ್ಕ ಬಾವಿಕಟ್ಟೆಯಲ್ಲಿ, “ವಸಂತಿ ಎಲ್ಲಿ, ಕಾಣುವುದೇ ಇಲ್ಲ?” ಎಂದು ಕೇಳಿದರಂತೆ. ಅಮ್ಮ ಕೊಡಪಾನ ಕೆಳಗಿಡುವಷ್ಟರಲ್ಲಿ ಕಥೆ ಕಟ್ಟಿದ್ದಳು.

ಮೂರನೆಯ ದಿನ ಆಸ್ಪತ್ರೆಗೆ ಬಂದು ನನ್ನ ಕಿವಿಯಲ್ಲಿ ಒಪ್ಪಿಸಿದಳು. “ನೀನು ಕಾರ್ಕಳದಲ್ಲಿ ಮಾವನ ಮನೆಯಲ್ಲಿ ಇದ್ದಿ, ಆಯ್ತಾ? ಅಲ್ಲಿ ಇಂಗ್ಲಿಷ್ ಒಳ್ಳೆ ಕಲಿಸ್ತಾರೆ ಅಂತ ಕಳಿಸಿದ್ದು.”

“ನನಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಅಮ್ಮ!”

“ಬರಬೇಕು ಮಗಾ. ಇನ್ನು ಎಂತ ಮಾಡುವುದು? ನಾನು ಹೇಳಿ ಆಯಿತಲ್ಲ.”

ನನಗೆ ನಗು ಬಂತು. ಹೊಸ ಪ್ಲಾಸ್ಟರಿನ ಒಳಗೆ ನಗುವುದು ಸುಲಭವಲ್ಲ, ಹೊಟ್ಟೆಗೆ ಜಾಗವೇ ಇರುವುದಿಲ್ಲ. ಅಮ್ಮನಿಗೂ ನಗು ಬಂತು, ಅದು ಅಲ್ಲೇ ಅಳುವಾಯಿತು.

ಆ ಕಥೆಯನ್ನು ಕಾಪಾಡಲು ಅಮ್ಮ ಪಟ್ಟ ಪಾಡು ಒಂದೆರಡಲ್ಲ. ನಮ್ಮಲ್ಲಿಂದ ಕಾರ್ಕಳಕ್ಕೆ ಹೋಗುವವರು ತೆಂಕಿಗೆ, ಪಡುಬಿದ್ರಿ ಕಡೆಯ ಬಸ್ಸು ಹತ್ತಬೇಕು. ಉಡುಪಿ ಅದಕ್ಕೆ ವಿರುದ್ಧ, ಬಡಗಿಗೆ. ನನ್ನನ್ನು ನೋಡಲು ಹೊರಡುವ ದಿನ ಅಮ್ಮ ಎಲ್ಲರಿಗೂ ಕಾಣುವ ಹಾಗೆ ಪಡುಬಿದ್ರಿಯ ಬಸ್ಸು ಹತ್ತಿ, ಎರ್ಮಾಳಿನಲ್ಲಿ ಇಳಿದು, ಎದುರಿನಿಂದ ಬರುವ ಉಡುಪಿಯ ಬಸ್ಸು ಹಿಡಿಯುತ್ತಿದ್ದಳು. ಅದು ಪುನಃ ಕಾಪುವಿನ ನಡುವಿನಿಂದಲೇ ಹೋಗಬೇಕಲ್ಲ! ಆಗ ಸೆರಗು ತಲೆಗೆ ಹೊದ್ದು, ಏನೋ ಬಿದ್ದದ್ದನ್ನು ಹುಡುಕುವವಳಂತೆ ಸೀಟಿನ ಕೆಳಗೆ ಬಗ್ಗಿ ಕೂರುತ್ತಿದ್ದಳು. ವಾರಕ್ಕೆರಡು ಸಲ, ಒಂಬತ್ತು ತಿಂಗಳು.

ಇನ್ನು ನನ್ನ ಇಂಗ್ಲಿಷ್. ಅದನ್ನು ಕಲಿಸಿದವರು ವಾರ್ಡಿನ ನರ್ಸ್ ಸೆರಾಫಿನ್ ಸಿಸ್ಟರ್. ಕಲ್ಯಾಣಪುರದ ಕೊಂಕಣಿ ಕ್ರೈಸ್ತ ಮನೆಯವರು. ಗಂಜಿ ಹಾಕಿದ ಬಿಳಿ ಸೀರೆ, ಅದಕ್ಕಿಂತ ಬಿಗಿಯಾದ ಮುಖ. ದಿನಾ ಬೆಳಿಗ್ಗೆ ಅವರು ನನ್ನ ತೊಡೆಗೆ ಸೂಜಿ ಚುಚ್ಚಬೇಕಿತ್ತು. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಸೂಜಿ ಚುಚ್ಚುವುದಕ್ಕಿಂತ ಮದ್ದು ಒಳಗೆ ಇಳಿಯುವಾಗಿನ ಉರಿ ಹೆಚ್ಚು. ಮೊದಲ ವಾರ ನಾನು ಕಿರುಚಿದ್ದು ರಸ್ತೆಗೆ ಕೇಳುತ್ತಿತ್ತಂತೆ.

ಎರಡನೆಯ ವಾರ ಅವರು ಒಂದು ಪುಸ್ತಕ ತಂದರು. ತಮ್ಮ ಅಣ್ಣನ ಮಕ್ಕಳು ಓದಿ ಹರಿದು ಬಿಟ್ಟದ್ದು. ರಟ್ಟಿಲ್ಲ, ಹೊಲಿಗೆ ಬಿಚ್ಚಿದೆ. ಪುಟಕ್ಕೊಂದು ಪ್ರಾಣಿಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು.

“ನೋಡು, ನಿನ್ನಮ್ಮ ಇಂಗ್ಲಿಷ್ ಕಲಿಸಿ ಅಂತ ನನ್ನ ಕೈ ಹಿಡಿದಿದ್ದಾರೆ. ನನ್ನತ್ರ ಬೇರೆ ಪುಸ್ತಕ ಇಲ್ಲ. ದಿನಕ್ಕೆ ಒಂದು ಸೂಜಿ, ಸೂಜಿಗೊಂದು ಪ್ರಾಣಿ. ಸೂಜಿ ಹೊರಗೆ ಬರುವುದರೊಳಗೆ ಹೆಸರು ಹೇಳಬೇಕು. ಕಿರುಚಿದರೆ ನಾಳೆಯೂ ಅದೇ ಪ್ರಾಣಿ.”

ಶುರುವಿನ ದಿನ ‘ಕೌ’ ಬಂತು. ಕೌ ಅಂದೆ, ಹೆಸರು ಮುಗಿಯಿತು, ಉರಿ ಮುಗಿಯಲಿಲ್ಲ. ಉಳಿದ ಉರಿಗೆ ಕಿರುಚಿದೆ. ಮರುದಿನ ಪುನಃ ಕೌ. ನಾಲ್ಕು ದಿನ ಕೌ ಆದ ಮೇಲೆ ನನಗೆ ಗುಟ್ಟು ಹೊಳೆಯಿತು. ಚಿಕ್ಕ ಹೆಸರಿನ ಪ್ರಾಣಿಗಳಿಂದ ಏನೂ ಪ್ರಯೋಜನವಿಲ್ಲ. ಕ್ಯಾಟ್, ಡಾಗ್, ರ‍್ಯಾಟ್, ಎಲ್ಲ ದಂಡ. ನಮಗೆ ಬೇಕಾದದ್ದು ಉದ್ದ ಹೆಸರಿನವು. “ಸಿಸ್ಟರ್, ಇವತ್ತು ಇದು” ಎಂದು ನಾನೇ ಪುಟ ಆರಿಸತೊಡಗಿದೆ. ಕ್ರೊಕೊಡೈಲ್ ಒಳ್ಳೆಯದು. ಚಿಂಪಾಂಜಿ ಪರವಾಗಿಲ್ಲ. ರೈನೋಸೆರಸ್ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಶ್ರೇಷ್ಠ ಹಿಪ್ಪೊಪೊಟಮಸ್: ಅದನ್ನು ಬಿಡಿಸಿ ಬಿಡಿಸಿ ಹೇಳಿ ಕೊನೆಗೆ ಮುಟ್ಟುವಾಗ ಸಿಸ್ಟರ್ ಹತ್ತಿಯಿಂದ ಉಜ್ಜುತ್ತಿರುತ್ತಿದ್ದರು. ಆ ಪ್ರಾಣಿಯನ್ನು ನಾನು ಇವತ್ತಿಗೂ ಕಣ್ಣಾರೆ ನೋಡಿಲ್ಲ. ಆದರೂ ಅದರ ಮೇಲೆ ನನಗೆ ಇರುವ ಪ್ರೀತಿ ಮನೆಯ ದನದ ಮೇಲೂ ಇಲ್ಲ.

ಪುಸ್ತಕವನ್ನು ಎತ್ತಿ ಹಿಡಿದು ನೋಡಲು ನನ್ನ ಕೈ ಸೋಲುತ್ತಿತ್ತು. ಒಂದು ಭಾನುವಾರ ಅಪ್ಪ ಸಿಸ್ಟರನ್ನು ಕೇಳಿ ಬಿಡಿ ಪುಟಗಳನ್ನೆಲ್ಲ ಅಂಗಡಿಗೆ ಒಯ್ದರು. ಮುಂದಿನ ಭಾನುವಾರ ಬರುವಾಗ ಅವೆಲ್ಲ ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹೊಲಿದಾಗಿತ್ತು, ಅಂಚಿಗೆ ಮಡಿಕೆ ಹಾಕಿ, ನಾಲ್ಕು ಮೂಲೆಗೆ ಲಾಡಿ ಸಮೇತ. ಸೊಳ್ಳೆಪರದೆಯ ಕೋಲುಗಳಿಗೆ ಕಟ್ಟಿದಾಗ ಸಿಂಹ, ಆನೆ, ಕಾಂಗರೂ ಎಲ್ಲ ನನ್ನ ಮುಖದ ಮೇಲಿನಿಂದ ಕೆಳಗೆ ನೋಡತೊಡಗಿದವು. ಅಪ್ಪ ಹೆಚ್ಚು ಮಾತಿನವರಲ್ಲ. ಲಾಡಿ ಬಿಗಿದು, “ಸರಿಯಾಗಿ ಕಾಣ್ತದಾ?” ಎಂದು ಮಾತ್ರ ಕೇಳಿದರು.

ಪಕ್ಕದ ಮಂಚದಲ್ಲಿ ಎರ್ಮಾಳಿನ ಕಮಲಕ್ಕ ಇದ್ದರು. ಮೀನು ಮಾರುವವರು, ತೊಡೆಯ ಮೂಳೆ ಮುರಿದು, ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ನನ್ನ ಪಾಠವೆಲ್ಲ ಅವರಿಗೂ ಪಾಠ. ಒಂದು ದಿನ ಅವರು ಸಿಸ್ಟರನ್ನು ಪರೀಕ್ಷೆ ಮಾಡಿದರು.

“ಬಂಗುಡೆಗೆ ಇಂಗ್ಲಿಷಿನಲ್ಲಿ ಎಂತ ಹೇಳುವುದು?”

“ಫಿಶ್.”

“ಬೂತಾಯಿಗೆ?”

ಸಿಸ್ಟರ್ ಸ್ವಲ್ಪ ಯೋಚಿಸಿ, “ಅದೂ ಫಿಶ್” ಎಂದರು.

“ಅಂಜಲಿಗೆ?”

“ಎಲ್ಲದಕ್ಕೂ ಫಿಶ್ಶೇ ಕಮಲಕ್ಕ. ಬೇರೆ ಹೆಸರು ಇರಬಹುದು, ನನಗೆ ಗೊತ್ತಿಲ್ಲ.”

ಕಮಲಕ್ಕ ನನ್ನ ಕಡೆ ತಿರುಗಿ, “ಇದೆಂತ ಭಾಷೆ ಮಾರಾಯ್ತಿ! ಬೂತಾಯಿಗೂ ಅಂಜಲಿಗೂ ಒಂದೇ ಹೆಸರು ಇಟ್ಟವರು ಮೀನು ತಿಂದು ಗೊತ್ತಿದ್ದವರಲ್ಲ. ನೀನು ಆ ದೊಡ್ಡ ಹಂದಿಯಂಥದ್ದನ್ನೇ ಕಲಿ” ಎಂದರು. ದೊಡ್ಡ ಹಂದಿಯಂಥದ್ದು ಎಂದರೆ ನನ್ನ ಹಿಪ್ಪೊಪೊಟಮಸ್. ಅವರಿಗೂ ಅದು ಬಾಯಿಪಾಠವಾಗಿತ್ತು.

ಎರ್ಮಾಳಿನವರು ಎಂದು ಗೊತ್ತಾದ ದಿನ ಅಮ್ಮನ ಮುಖದ ರಕ್ತ ಇಳಿದುಹೋಗಿತ್ತು. ಎರ್ಮಾಳು ಕಾಪುವಿನ ಪಕ್ಕದ ಊರು. ಕಮಲಕ್ಕನೇ ಮಾತು ತೆಗೆದರು: “ನನ್ನ ಸೊಸೆ ಹೇಳಿದಳು, ಒಬ್ಬರು ಹೆಂಗಸು ವಾರಕ್ಕೆರಡು ಸಲ ಒಂದು ಬಸ್ಸು ಇಳಿದು ಎದುರಿನ ಬಸ್ಸು ಹತ್ತುತ್ತಾರೆ ಅಂತ. ನೀವೇ ಅಲ್ವಾ? ಹೆದರಬೇಡಿ. ನಾನು ಮೀನು ಮಾರುವವಳು, ಸುದ್ದಿ ಮಾರುವವಳಲ್ಲ.”

ನಗಿಸುವ ಸಂಗತಿಗಳನ್ನೇ ಬರೆಯುತ್ತಿದ್ದೇನೆ ಎಂದು ನನಗೂ ಗೊತ್ತು. ಉಳಿದದ್ದೂ ಇತ್ತು. ಪ್ಲಾಸ್ಟರಿನ ಒಳಗೆ ಇರುವೆ ಹೋದರೆ ಗುಡಿಸುವ ಹಿಡಿಸೂಡಿಯ ಕಡ್ಡಿ ತೂರಿಸಿ ಕೆರೆಯಬೇಕು, ಕಡ್ಡಿ ತಲುಪದ ಕಡೆ ಅಳಬೇಕು. ಮಲಮೂತ್ರಕ್ಕೆ ಬೇರೆಯವರನ್ನು ಕರೆಯುವಾಗಿನ ನಾಚಿಕೆ ಕೊನೆಯ ತನಕ ಹೋಗಲಿಲ್ಲ. ವಾರಕ್ಕೊಮ್ಮೆ ಡಾಕ್ಟರು ಬಂದು ಪಾದದ ಹತ್ತಿರ ನಿಂತು, “ಹೆಬ್ಬೆರಳು ಆಡಿಸು” ಎನ್ನುತ್ತಿದ್ದರು. ನನಗೆ ನನ್ನ ಪಾದ ಕಾಣುತ್ತಿರಲಿಲ್ಲ. ಆಡಿಸಿದೆ ಎಂದುಕೊಂಡು ಅವರ ಮುಖ ನೋಡುತ್ತಿದ್ದೆ.

ನಾಲ್ಕನೆಯ ತಿಂಗಳು, ಒಂದು ಸಲ ಅವರು “ಆಡಿಸು” ಎಂದು ಎರಡು ಬಾರಿ ಹೇಳಿದರು. “ಆಡಿಸಿದೆನಲ್ಲ” ಎಂದೆ. ಅವರು ಚೀಟಿಯಲ್ಲಿ ಏನೋ ಬರೆದುಕೊಂಡು ಹೋದರು. ಎಡಗಾಲು ಕೇಳುತ್ತಿರಲಿಲ್ಲ. ಎರಡು ದಿನ ಬಿಟ್ಟು ಮಣಿಪಾಲದಿಂದ ಒಬ್ಬರು ದೊಡ್ಡ ಡಾಕ್ಟರು, ಅವರ ಹಿಂದೆ ನಾಲ್ಕು ಜನ ವಿದ್ಯಾರ್ಥಿಗಳು ಬಂದು ನನ್ನ ಮಂಚದ ಸುತ್ತ ನಿಂತರು. ಎಲ್ಲ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ. ನನ್ನ ಕಾಲು ಇರುತ್ತದೋ ಹೋಗುತ್ತದೋ ಎಂಬುದು ಆ ಮಾತಿನಲ್ಲಿತ್ತು, ಆದರೆ ಅದರಲ್ಲಿ ಒಂದೇ ಒಂದು ಪ್ರಾಣಿಯೂ ಇರಲಿಲ್ಲ. ಅಷ್ಟು ಇಂಗ್ಲಿಷ್ ಕಲಿತೂ ನನಗೆ ನನ್ನ ವಿಷಯವೇ ತಿಳಿಯದೆ ಹೋದದ್ದಕ್ಕೆ ಆದ ಸಂಕಟ ಈಗಲೂ ನೆನಪಿದೆ. ತಡೆಯಲಾರದೆ ಗಟ್ಟಿಯಾಗಿ “ಕ್ರೊಕೊಡೈಲ್!” ಎಂದು ಕೂಗಿದೆ.

ದೊಡ್ಡ ಡಾಕ್ಟರು ತಲೆಯೆತ್ತಿ ನನ್ನ ಬಟ್ಟೆಯ ಚಪ್ಪರವನ್ನು ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ನನ್ನ ತಲೆಯ ಹತ್ತಿರ ಕೂತು ಕನ್ನಡದಲ್ಲಿ ಹೇಳಿದರು: “ಹೌದು, ನಿನ್ನ ಕಾಯಿಲೆಯನ್ನು ನಿನಗೇ ಹೇಳದೆ ಮಾತಾಡಿದ್ದು ತಪ್ಪಾಯಿತು. ನಿನಗೆ ಬೆನ್ನುಮೂಳೆಯಲ್ಲಿ ಕ್ಷಯ ಉಂಟು. ಅದರಿಂದ ಕಾಲಿಗೆ ಹೋಗುವ ನರ ಒತ್ತಿಹೋಗಿದೆ. ಮೂರು ವಾರ ಕಾಯುವ. ಮದ್ದು ಸಾಕಾದರೆ ಸರಿ. ಇಲ್ಲದಿದ್ದರೆ ಆಪರೇಷನ್ ಮಾಡುವ. ಎರಡರಲ್ಲಿ ಒಂದು ದಾರಿ ಉಂಟೇ ಉಂಟು. ಗೊತ್ತಾಯಿತಾ?”

ಆ ಹೆಸರನ್ನು ಮೊದಲ ಬಾರಿ ಯಾರೋ ನನ್ನ ಮುಖ ನೋಡಿ ಹೇಳಿದ್ದರು. ಆಕಾಶ ಬೀಳಲಿಲ್ಲ. ಆ ದಿನ ಗಂಜಿ ಪೂರ್ತಿ ಉಂಡೆ. ಹದಿನೇಳನೆಯ ದಿನ ಬೆಳಿಗ್ಗೆ ಸೂಜಿಯ ಹೊತ್ತಿಗೆ ಸೆರಾಫಿನ್ ಸಿಸ್ಟರ್ ಸೂಜಿ ಹಿಡಿದುಕೊಂಡೇ “ಜೆಸು!” ಎಂದು ಕೂಗಿ ನನ್ನ ಪಾದ ಹಿಡಿದರು. ಎಡ ಹೆಬ್ಬೆರಳು ಆಡಿತ್ತು. ಆ ದಿನ ಪ್ರಾಣಿಯೇ ಇಲ್ಲದೆ ಸೂಜಿ ಆಯಿತು. ಇಬ್ಬರೂ ಅಳುತ್ತಿದ್ದರೆ ಯಾರು ಹೇಳಿಸುವುದು, ಯಾರು ಹೇಳುವುದು?

ಒಂಬತ್ತು ತಿಂಗಳ ಮೇಲೆ ಪ್ಲಾಸ್ಟರು ಬಿಚ್ಚಿದರು. ಕಾಲುಗಳು ಯಾರದ್ದೋ ಅನ್ನಿಸುವಷ್ಟು ಸಪೂರವಾಗಿದ್ದವು. ಮೊದಲು ಕೂತೆ, ಆಮೇಲೆ ನಿಂತೆ, ಆಮೇಲೆ ಕಮಲಕ್ಕನ ಊರುಗೋಲು ಎರವಲು ಪಡೆದು ನಾಲ್ಕು ಹೆಜ್ಜೆ ಇಟ್ಟೆ. ಬೆನ್ನಿಗೆ ಚರ್ಮದ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಅದು ಕಾಣದ ಹಾಗೆ ಅಪ್ಪ ಮೂರು ದೊಗಳೆ ರವಿಕೆ ಹೊಲಿದಿಟ್ಟಿದ್ದರು. ಎರ್ಮಾಳಿನಲ್ಲಿ ಬಸ್ಸು ಬದಲಿಸಿ, ಕಾರ್ಕಳದ ಕಡೆಯಿಂದ ಬಂದವಳಂತೆ ತೆಂಕಿನಿಂದಲೇ ನಾನು ಕಾಪುವಿಗೆ ಬಂದಿಳಿದೆ.

ಸಂಜೆಯಾಗುವುದರೊಳಗೆ ಅಂಗಳ ತುಂಬಾ ಜನ. ಗಿರಿಜಕ್ಕ ಮೊದಲು ಬಂದರು. “ಇಷ್ಟು ಸಪೂರ ಆಗಿದ್ದೀಯಾ! ಓದಿ ಓದಿ ಅಲ್ವಾ? ಎಲ್ಲಿ, ಒಂದು ಇಂಗ್ಲಿಷ್ ಮಾತಾಡು ನೋಡುವ. ‘ಅನ್ನ ಬೆಂದಿತಾ’ ಅಂತ ಹೇಗೆ ಕೇಳುವುದು?”

ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಉಸಿರು ಎಳೆದುಕೊಂಡು, “ರೈನೋಸೆರಸ್?” ಎಂದೆ.

“ಅಬ್ಬಾ!” ಎಂದರು ಗಿರಿಜಕ್ಕ.

ಧೈರ್ಯ ಬಂತು. “ಸಾರು ಖಾರವಾಯಿತು” ಎಂಬುದಕ್ಕೆ ಚಿಂಪಾಂಜಿ ಕಾಂಗರೂ ಎಂದೆ. “ಮಳೆ ಬರ್ತದೆ, ಬಟ್ಟೆ ತೆಗೆ” ಎಂಬುದಕ್ಕೆ ಮೂರು ಪ್ರಾಣಿಗಳು ಬೇಕಾದವು. ಲೀಲಕ್ಕ ಒಳಗೆ ಓಡಿಹೋಗಿ ತಲೆದಿಂಬಿಗೆ ಮುಖ ಒತ್ತಿ ನಗುತ್ತಿದ್ದಳು. ಅಮ್ಮನಿಗೆ ಮಾತ್ರ ಹೆಮ್ಮೆ. ಅದು ಪ್ರಾಣಿಗಳ ಹೆಸರು ಎಂದು ಅವಳಿಗೆ ಗೊತ್ತಿರದೆ ಇರಲಿಲ್ಲ, ಆದರೂ ಹೆಮ್ಮೆ.

ಶಾಲೆಯಲ್ಲಿ ಈ ಆಟ ನಡೆಯಲಿಲ್ಲ. ಇಂಗ್ಲಿಷ್ ಮಾಸ್ಟ್ರು ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೇಳಿದರು, ನನಗೆ ತಿಳಿಯಲಿಲ್ಲ. ಗೋಡೆಯ ಮೇಲಿನ ಚಿತ್ರಪಟ ತೋರಿಸಿದಾಗ ಅದರಲ್ಲಿದ್ದ ಇಪ್ಪತ್ತು ಪ್ರಾಣಿಗಳನ್ನು ಉಸಿರು ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು, ನನ್ನ ರವಿಕೆಯ ಕೆಳಗೆ ಗಟ್ಟಿಯಾಗಿ ನಿಂತಿದ್ದ ಬೆನ್ನನ್ನೂ ಮುಖವನ್ನೂ ನೋಡಿ, “ಕಾರ್ಕಳದಲ್ಲಿ ಪ್ರಾಣಿಗಳು ಬಹಳ ಅಂತ ಕಾಣ್ತದೆ” ಎಂದರು. ಬೇರೆ ಯಾರಿಗೂ ಏನೂ ಹೇಳಲಿಲ್ಲ. ದಿನಾ ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಮೊದಲಿನಿಂದ ಕಲಿಸಿದರು. ಒಮ್ಮೆ ಕಾಪು ಪೇಟೆಯಲ್ಲಿ ಕಮಲಕ್ಕ ಕುಂಟುತ್ತಾ, ಮೀನಿನ ಬುಟ್ಟಿ ಹೊತ್ತು ಎದುರಿನಿಂದ ಬಂದರು. ನಾನೂ ಅಮ್ಮನೂ ಗಿರಿಜಕ್ಕನ ಜೊತೆಗಿದ್ದೆವು. ಗುರುತೇ ಇಲ್ಲದವರಂತೆ ನೇರ ನೋಡಿಕೊಂಡು ಹೋದರು. ನನ್ನ ಪಕ್ಕ ದಾಟುವಾಗ ಮಾತ್ರ ತುಟಿ ಅಲುಗದ ಹಾಗೆ “ಹಿಪ್ಪೊಪೊಟಮಸ್” ಎಂದರು.

ಹೀಗೆ ಸುಳ್ಳು ಸುಖವಾಗಿಯೇ ಇತ್ತು. ಮುಂದಿನ ವರ್ಷ ಲೀಲಕ್ಕನಿಗೆ ಕಟಪಾಡಿ ಕಡೆಯ ಸಂಬಂಧವೊಂದು ಕೂಡಿಬಂತು. ನಿಶ್ಚಿತಾರ್ಥಕ್ಕೆ ಹದಿನೈದು ದಿನ ಇರುವಾಗ, ಒಂದು ಬೆಳಿಗ್ಗೆ ಗಿರಿಜಕ್ಕನ ಏಳು ವರ್ಷದ ಮಗಳು ಜಯ ನಮ್ಮ ಅಂಗಳದಲ್ಲಿ ನೆಲಕ್ಕೆ ಬಿದ್ದ ಹೂ ಹೆಕ್ಕುತ್ತಿದ್ದಳು. ನಾನು ಜಗಲಿಯಲ್ಲಿ ಕೂತಿದ್ದೆ. ಅವಳು ಬಗ್ಗಲಿಲ್ಲ. ಬೆನ್ನನ್ನು ನೆಟ್ಟಗೆ ಇಟ್ಟುಕೊಂಡು, ಕೈಯನ್ನು ತೊಡೆಗೆ ಊರಿ, ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತಳು.

ನಾನು ಎದ್ದು ಬೇಲಿಯಾಚೆಗಿದ್ದ ಅವಳ ಅಮ್ಮನನ್ನು ಕರೆದೆ. “ಜಯನಿಗೆ ಬೆನ್ನು ನೋಯ್ತದಾ ಗಿರಿಜಕ್ಕ?” ಎಂದು ಕೇಳಿದೆ.

“ಹೌದು ಮಾರಾಯ್ತಿ, ಉಯ್ಯಾಲೆಯಿಂದ ಬಿದ್ದದ್ದು. ಎಣ್ಣೆ ಹಾಕ್ತಾ ಇದ್ದೇನೆ. ಸಂಜೆ ಸ್ವಲ್ಪ ಜ್ವರವೂ ಉಂಟು.”

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ನಿಶ್ಚಿತಾರ್ಥ ಒಂದು ಮುಗಿಯಲಿ ಮಗಾ. ಹದಿನೈದೇ ದಿನ. ಆಮೇಲೆ ನಾನೇ ಹೇಳ್ತೇನೆ.”

ಅಮ್ಮ ಕೆಟ್ಟವಳಲ್ಲ. ಎರಡು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಉಳಿಸಿಕೊಂಡಿದ್ದಳು, ಇನ್ನೊಬ್ಬಳನ್ನು ದಡ ಸೇರಿಸಬೇಕಿತ್ತು. ನಾನು ಮೂರು ದಿನ ಬಾಯಿ ಬಿಗಿಹಿಡಿದೆ. ಆ ಮೂರು ದಿನವೂ ಜಯ ಹೂ ಹೆಕ್ಕಲು ಬಂದಳು. ನನಗೆ ಐದು ತಿಂಗಳು ತಡವಾಗಿತ್ತು, ಒಂದು ಕಾಲು ಹೋಗುವುದರಲ್ಲಿತ್ತು. ಹದಿನೈದು ದಿನ ಎಂದರೆ ಎಷ್ಟು ಎಂದು ನನಗೆ ಗೊತ್ತಿತ್ತು; ಒಂದು ಹೆಬ್ಬೆರಳು ಆಡದೆ ನಿಲ್ಲಲು ಅಷ್ಟು ಸಾಕು.

ನಾಲ್ಕನೆಯ ದಿನ ಬಾವಿಕಟ್ಟೆಗೆ ಹೋದೆ. ಗಿರಿಜಕ್ಕ ಒಬ್ಬರೇ ಇದ್ದರು. ರವಿಕೆಯನ್ನು ಹಿಂದಿನಿಂದ ಎತ್ತಿ ಚರ್ಮದ ಪಟ್ಟಿ ತೋರಿಸಿದೆ. “ಗಿರಿಜಕ್ಕ, ನಾನು ಕಾರ್ಕಳಕ್ಕೆ ಹೋಗಲೇ ಇಲ್ಲ. ಉಡುಪಿಯ ಆಸ್ಪತ್ರೆಯಲ್ಲಿದ್ದೆ. ನನಗೆ ಬೆನ್ನುಮೂಳೆಯ ಕ್ಷಯ. ಜಯನೂ ನನ್ನ ಹಾಗೆಯೇ ಕೂತುಕೊಳ್ಳುತ್ತಾಳೆ. ನಾಳೆಯೇ ಕರೆದುಕೊಂಡು ಹೋಗಿ.”

ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಮೊದಲು ಬಾಯಿಗೆ ಬಂದದ್ದು, “ಹಾಗಾದರೆ ಆ ಇಂಗ್ಲಿಷ್?”

“ಎಲ್ಲ ಪ್ರಾಣಿಗಳ ಹೆಸರು.”

ಆಮೇಲೆ ನಾನು ಹೇಳಿದ ಉಳಿದದ್ದು ಅವರ ಒಳಗೆ ಇಳಿಯಿತು. ಹಗ್ಗ ಕೈಬಿಟ್ಟು ಕೊಡಪಾನ ಬಾವಿಗೆ ಬಿತ್ತು.

ಮನೆಗೆ ಬಂದು ಹೇಳಿದಾಗ ಅಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಸಂಬಂಧದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ: ಅದು ಮುರಿದುಹೋಯಿತು. ವಾರದೊಳಗೆ ಕಟಪಾಡಿಗೆ ಸುದ್ದಿ ಮುಟ್ಟಿ, ಅವರು ಹುಡುಗನ ಜಾತಕದ ನೆವ ಹೇಳಿ ಕಳಿಸಿದರು. ಲೀಲಕ್ಕ ಎರಡು ದಿನ ಅತ್ತಳು. ಮೂರನೆಯ ದಿನ ನನ್ನ ಜಡೆ ಹೆಣೆಯುತ್ತಾ, “ನಿನ್ನ ಮೇಲೆ ಸಿಟ್ಟು ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಜಯನ ಕಾಲು ಹೋಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಹಾರ ಹಾಕಿಕೊಳ್ಳುವುದು?” ಎಂದಳು. ಅವಳಿಗೆ ಮದುವೆಯಾದದ್ದು ಮತ್ತೆ ನಾಲ್ಕು ವರ್ಷಕ್ಕೆ. ಆ ನಾಲ್ಕು ವರ್ಷಗಳ ಋಣ ನನ್ನ ಮೇಲಿದೆ ಎಂದು ನಾನು ಯಾವತ್ತೂ ಮರೆತಿಲ್ಲ, ಅವಳು ಯಾವತ್ತೂ ಎತ್ತಿ ಆಡಿಲ್ಲ.

ಆದರೆ ಬಾವಿಕಟ್ಟೆಯ ಮಾತು ಆದ ಮರುದಿನ ಬೆಳಿಗ್ಗೆ ಇದೆಲ್ಲ ಇನ್ನೂ ಆಗಿರಲಿಲ್ಲ. ನಾನು ಏಳುವಾಗ ಅಮ್ಮ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. “ಮುಖ ತೊಳೆ. ಗಿರಿಜನಿಗೆ ಅಲ್ಲಿ ಯಾರನ್ನು ಕೇಳಬೇಕು, ಎಲ್ಲಿ ಕೂರಬೇಕು ಅಂತ ಗೊತ್ತಿಲ್ಲ. ನಾವೂ ಹೋಗುವ.” ನಾಲ್ಕೂ ಜನ ಉಡುಪಿಯ ಬಸ್ಸು ಹತ್ತಿದೆವು. ಅಮ್ಮ ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಇಟ್ಟು, ತಲೆಗೆ ಸೆರಗಿಲ್ಲದೆ ಕೂತಳು.

ಆಸ್ಪತ್ರೆಯ ಜಗಲಿಯ ಬೆಂಚುಗಳು ತುಂಬಿದ್ದವು. ಚೀಟಿ ಬರೆಯುವವರು ತಲೆಯೆತ್ತದೆ, “ಮಗುವಿಗೆ ಎಂತ ಕಾಯಿಲೆ?” ಎಂದು ಕೇಳಿದರು. ಗಿರಿಜಕ್ಕ ಅಮ್ಮನ ಕಡೆ ನೋಡಿದರು.

ಅಮ್ಮ ಮುಂದೆ ಬಂದಳು. ಇಡೀ ಜಗಲಿಗೆ ಕೇಳುವ ಹಾಗೆ, “ಬೆನ್ನುಮೂಳೆಯ ಕ್ಷಯ ಇರಬಹುದು. ನನ್ನ ಮಗಳಿಗೂ ಅದೇ ಇತ್ತು” ಎಂದಳು.

ನಮ್ಮ ಪಕ್ಕದಲ್ಲಿದ್ದವರು ಸೀರೆಯ ಅಂಚು ಎಳೆದುಕೊಂಡು ಸ್ವಲ್ಪ ಸರಿದರು. ಒಬ್ಬಾಕೆ ತನ್ನ ಮಗುವನ್ನು ಎತ್ತಿ ಆಚೆ ಕೂರಿಸಿಕೊಂಡಳು. ಗಿರಿಜಕ್ಕ ಜಯನನ್ನು ಅಪ್ಪಿ ಹಿಡಿದು ಸದ್ದಿಲ್ಲದೆ ಅಳತೊಡಗಿದರು. ಅಮ್ಮ ಅವರೆಲ್ಲರ ಮುಖ ನೋಡಿ, ನನ್ನ ಕಡೆ ತಿರುಗಿದಳು.

“ವಸಂತಿ, ಎದ್ದು ಆ ಬಾಗಿಲಿನ ತನಕ ನಡೆದು ಬಾ. ಇವರು ನೋಡಲಿ.”

ನಾನು ಎದ್ದೆ. ಬಾಗಿಲಿನ ತನಕ ಹೋಗಿ, ತಿರುಗಿ, ವಾಪಸು ಬಂದೆ. ಗಿರಿಜಕ್ಕ ಅಳು ನಿಲ್ಲಿಸಿ ನನ್ನ ಪಾದಗಳನ್ನೇ ನೋಡುತ್ತಿದ್ದರು. ಆಚೆ ಸರಿದು ಕೂತಿದ್ದ ಆ ತಾಯಿ ತನ್ನ ಮಗುವಿನ ತಲೆಯ ಮೇಲಿನಿಂದ ಕತ್ತು ಚಾಚಿ ನೋಡುತ್ತಿದ್ದಳು.

ನಾನು ಕೂರಲು ಹೊರಟೆ.

“ಕೂರಬೇಡ” ಎಂದಳು ಅಮ್ಮ. “ಆ ಕಡೆಯ ಬೆಂಚಿನವರಿಗೆ ಕಾಣಲಿಲ್ಲ. ಇನ್ನೊಮ್ಮೆ ನಡೆ.”